ಮ್ಯೂಸಿಯಮ್ಮಿಗೆ ಕೇಬಲ್ ಎಳೆದ ಸಿಟ್ಟು

ನನಗೆ ಆದದ್ದನ್ನೆಲ್ಲ ನಾನು ಸಿಟ್ಟಿನಿಂದಲೇ ಹೇಳುತ್ತೇನೆ. ಕೇಳುವವರು ನಗುತ್ತಾರೆ. ಅದಕ್ಕೂ ನನಗೆ ಸಿಟ್ಟು ಬರುತ್ತದೆ, ಆಗ ಅವರು ಇನ್ನೂ ಜೋರಾಗಿ ನಗುತ್ತಾರೆ. ನನ್ನ ಕಸುಬಿನಲ್ಲಿ ಇಂಥವು ನಿಲ್ಲುವುದೇ ಇಲ್ಲ.

ಕಸುಬು ಅಂದರೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದು. ಕೇಬಲ್ ಎಳೆದು, ಎಲ್ಲವೂ ಒಂದರ ಜೊತೆ ಒಂದು ಮಾತಾಡುವ ಹಾಗೆ ಮಾಡುವುದು. ಕಲ್ಯಾಣ ನಗರದ ಒಂದು ಕಂಪನಿಯಲ್ಲಿ ಬಹಳ ವರ್ಷ ಇದೇ ಕೆಲಸ ಮಾಡಿ, ಒಂದು ದಿನ ಸಾಕಾಗಿ ಹೊರಗೆ ಬಂದೆ. 'ಬೇಕಾದ್ರೆ ವಾಪಸ್ ಬಾಮ್ಮ, ಬಾಗ್ಲು ತೆಗ್ದೇ ಇರತ್ತೆ' ಅಂತ ನನ್ನ ಬಾಸು ನಕ್ಕ ನಗುವನ್ನು ನೆನೆಸಿಕೊಂಡರೆ ಈಗಲೂ ಹಲ್ಲು ಕಡಿಯುವ ಹಾಗಾಗುತ್ತದೆ. ನನ್ನದೇ ಕಂಪನಿ ಶುರು ಮಾಡಿದೆ. ಕಂಪನಿಯಲ್ಲಿ ನಾನು, ಕೇಬಲ್ ಎಳೆಯುವ ಅಣ್ಣ, ಮತ್ತು ಒಂದು ಏಣಿ.

ಅಣ್ಣ ಯಾದಗಿರಿ ಕಡೆಯವರು. ಕೆ.ಆರ್. ಪುರದಲ್ಲಿ ಬಾಡಿಗೆ ರೂಮು ಮಾಡಿಕೊಂಡು ಸಂಸಾರ ಹೂಡಿದ್ದಾರೆ. ಅವರು ನನ್ನನ್ನು ಅಕ್ಕ ಅನ್ನುತ್ತಾರೆ, ನಾನು ಅವರನ್ನು ಅಣ್ಣ ಅನ್ನುತ್ತೇನೆ. ಯಾರು ದೊಡ್ಡವರು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ನಮಗೆ ಸಿಕ್ಕ ಮೊದಲ ದೊಡ್ಡ ಕೆಲಸ ಹಲಸೂರಿನ ಒಂದು ಹಳೇ ಬಂಗಲೆಯಲ್ಲಿದ್ದ ಮ್ಯೂಸಿಯಮ್ಮಿನದು. ಅಲ್ಲಿ ತಂತ್ರಜ್ಞಾನದ ಹೊಸ ಹಾಲ್ ಕಟ್ಟಿದ್ದರು. ಜನ ಬಂದು ಪರದೆ ಮುಟ್ಟಬೇಕು, ಗುಂಡಿ ಒತ್ತಬೇಕು, ಅದಕ್ಕೆ ತಕ್ಕಂತೆ ಏನಾದರೂ ಆಗಬೇಕು. ಇದು ಕೆಟ್ಟರೆ ಆ ತೆಗೆದೇ ಇರುವ ಬಾಗಿಲೊಳಗೆ ತಲೆ ತಗ್ಗಿಸಿಕೊಂಡು ಹೋಗಬೇಕಿತ್ತು. ಹೋಗಬಾರದು ಅಂತ ಹಟ ತೊಟ್ಟು ಕೆಲಸ ಶುರು ಮಾಡಿದೆ.

ಇಂಜಿನಿಯರ್ ಎಲ್ಲಿ

ಮೊದಲ ದಿನ ಮ್ಯೂಸಿಯಮ್ಮಿನ ನಿರ್ದೇಶಕರು ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ನೋಡಿದರು. ನನ್ನ ಹಿಂದೆ ಏಣಿ ಹೊತ್ತಿದ್ದ ಅಣ್ಣನನ್ನು ನೋಡಿದರು. ಅಣ್ಣನಿಗೆ ದಪ್ಪ ಮೀಸೆಯಿದೆ, ಕಿವಿಯ ಪಕ್ಕದಲ್ಲಿ ಕೂದಲು ಬೆಳ್ಳಗಾಗಿದೆ. ನಿರ್ದೇಶಕರು ನೇರವಾಗಿ ಹೋಗಿ ಅವರ ಕೈ ಕುಲುಕಿದರು. ಏಣಿ ಜಾರಿತು, ನಾನು ಹಿಡಿದುಕೊಂಡೆ.

'ನಮ್ಮ ಹಾಲಿಗೆ ಎಂಥ ನೆಟ್‌ವರ್ಕ್ ಹಾಕ್ತೀರಿ ಸರ್?' ಅಂತ ಕೇಳಿದರು.

'ಅಕ್ಕಾರ್ನ ಕೇಳ್ರಿ' ಅಂದರು ಅಣ್ಣ.

'ಇಂಜಿನಿಯರ್ ನಾನು' ಅಂತ ನಾನು ಹೇಳಿದೆ. ನಿರ್ದೇಶಕರು ನನ್ನ ಕಡೆ ನೋಡಿ ಚೆನ್ನಾಗಿ ನಕ್ಕು, ಮತ್ತೆ ಅಣ್ಣನಿಗೆ, 'ಕೆಲಸ ಎಷ್ಟು ದಿನ ಹಿಡಿಯುತ್ತೆ ಸರ್?' ಅಂದರು.

'ಅಕ್ಕಾರಿಗೇ ಗೊತ್ತ್ರಿ.'

'ಹಾಗಾದ್ರೆ ಸ್ವಲ್ಪ ಅವರನ್ನ ಕೇಳಿ ಹೇಳಿ.'

ನಾನು ಒಂದು ಮೊಳ ದೂರದಲ್ಲಿ ನಿಂತಿದ್ದೆ. ಅಣ್ಣ ನನ್ನ ಕಡೆ ತಿರುಗಿ, 'ಎಷ್ಟ್ ದಿನ ಅಂತ ಕೇಳಾಕತ್ತಾರ್ರಿ' ಅಂದರು. ನಾನು ಹೇಳಿದೆ. ಅವರು ಆ ಕಡೆ ತಿರುಗಿ ಅದನ್ನೇ ಹೇಳಿದರು. ಇಡೀ ಹಾಲಿನ ಮಾತುಕತೆ ಹೀಗೇ ನಡೆಯಿತು, ನಾನು ಯಾವುದೋ ಹೊರದೇಶದಿಂದ ಬಂದವಳೇನೋ ಅನ್ನುವ ಹಾಗೆ. ನನಗೆ ಒಳಗೆಲ್ಲ ಕುದಿಯುತ್ತಿತ್ತು. ಹೊರಡುವಾಗ ನಿರ್ದೇಶಕರು ಮೊದಲ ಸಲ ನನ್ನನ್ನು ಪಕ್ಕಕ್ಕೆ ಕರೆದರು. ಸದ್ಯ, ಅರ್ಥವಾಯಿತು ಅಂದುಕೊಂಡು ಹೋದೆ.

'ನಿಮ್ಮ ಸರ್ ಎಂಥ ದೊಡ್ಡ ಮನುಷ್ಯ ನೋಡಿ' ಅಂದರು. 'ಎಲ್ಲಾ ಕ್ರೆಡಿಟ್ಟೂ ನಿಮಗೇ ಕೊಡ್ತಾರೆ.'

ಗೋಡೆಯೊಳಗಿನ ಸಮುದ್ರ

ಹಾಲಿನ ಅಂದಚಂದವೆಲ್ಲ ಇಂದಿರಾನಗರದ ಒಬ್ಬ ಡಿಸೈನರನದು. ಆತನಿಗೆ ವೈರ್ ಕಂಡರೆ ಆಗುತ್ತಿರಲಿಲ್ಲ. ನೆಲದ ಮೇಲೆ ಒಂದು ತುಂಡು ಕೇಬಲ್ ಬಿದ್ದಿದ್ದರೆ ಹಾವು ಕಂಡವನ ಹಾಗೆ ದೂರ ನಿಂತು, 'ಇದೇನಿದು, ಇದೇನಿದು' ಅನ್ನುತ್ತಿದ್ದ.

'ಎಲ್ಲಾ ವೈರ್‌ಲೆಸ್ ಮಾಡ್ಬಿಡಿ ಮೇಡಂ.'

'ಕರೆಂಟಿಗಾದ್ರೂ ವೈರ್ ಬೇಕಲ್ರೀ' ಅಂದೆ.

'ಅದೂ ವೈರ್‌ಲೆಸ್ ಬರಲ್ವಾ?' ಅಂತ ನಿಜವಾಗಿಯೂ ಕೇಳಿದ.

ಕೇಬಲ್ಲುಗಳನ್ನೆಲ್ಲ ಹಲಗೆಯ ಗೋಡೆಗಳ ಹಿಂದೆ ಹಾಯಿಸಿದೆವು. ಅವೆಲ್ಲ ಬಂದು ಸೇರುವ ಒಂದು ಡಬ್ಬವಿರುತ್ತದೆ. ಅದಕ್ಕೆ ಏನಾದರೂ ಆದರೆ ಇಡೀ ಹಾಲ್ ಮಂಕಾಗುತ್ತದೆ. ಹಾಗಾಗಿ ಅದರ ಮುಂದೆ ಒಂದು ಪುಟ್ಟ ಬಾಗಿಲು ಇಡಲೇಬೇಕು ಅಂತ ಆತನಿಗೆ ಹೇಳಿ ಹೇಳಿ ನನಗೆ ಬಾಯಿ ನೋವು ಬಂದಿತ್ತು. ಮಧ್ಯೆ ನಾನು ಊರಿಗೆ ಹೋಗಿ ಒಂದು ಮದುವೆ ಮುಗಿಸಿ ಬರುವಷ್ಟರಲ್ಲಿ ಆತ ಎಲ್ಲ ಗೋಡೆಗೂ ಹಲಗೆ ಮುಚ್ಚಿಸಿ, ಬಿಳೀ ಬಣ್ಣ ಹೊಡೆಸಿದ್ದ. ಬಾಗಿಲೂ ಇಲ್ಲ, ಬಾಗಿಲಿನ ಗುರುತೂ ಇಲ್ಲ.

'ಡಬ್ಬ ಎಲ್ಲಿ?'

'ಇಲ್ಲೇ ಎಲ್ಲೋ ಇದೆ ಮೇಡಂ. ಕಾಣಲ್ಲ ಅಲ್ವಾ? ಅದೇ ನಮ್ಗೆ ಬೇಕಾಗಿದ್ದು.'

ನಾನು ಆಡಿದ ಮಾತು ಬರೆಯುವಂಥದ್ದಲ್ಲ. ಡಬ್ಬದೊಳಗೆ ಒಂದು ಸಣ್ಣ ಫ್ಯಾನು ಸದಾ ಗುಂಯ್ ಅನ್ನುತ್ತಿರುತ್ತದೆ, ಆ ಸದ್ದು ಹಿಡಿದೇ ಹುಡುಕಬೇಕು. ನಾನೂ ಅಣ್ಣನೂ ಗೋಡೆಗೆ ಕಿವಿಯಿಟ್ಟು ಮೆಲ್ಲಗೆ ಸರಿಯುತ್ತಾ ಹೊರಟೆವು. ಪಕ್ಕದ ಹಳೇ ಹಾಲ್ ನೋಡಲು ಬಂದಿದ್ದ ಗಂಡಹೆಂಡತಿ ಇಣುಕಿ ನೋಡಿ, ಒಂದು ಮಾತೂ ಕೇಳದೆ ಬಂದು ನಮ್ಮ ಪಕ್ಕದಲ್ಲಿ ಗೋಡೆಗೆ ಕಿವಿಯಿಟ್ಟರು.

'ಏನ್ ಕೇಳ್ಸ್ತಿದೆ ರೀ?' ಅಂದಳು ಹೆಂಡತಿ.

ಗಂಡ ಕಣ್ಣು ಮುಚ್ಚಿಕೊಂಡಿದ್ದ. 'ಸಮುದ್ರ' ಅಂದ.

ಡಬ್ಬ ಸಿಕ್ಕಿದ್ದು ಹಾಗೆ, ಆತನ ಕಿವಿಯ ಕೆಳಗೆ. ಅಷ್ಟರಲ್ಲಿ ಇನ್ನೂ ಕೆಲವರು ಬಂದು ಸಾಲಾಗಿ ನಿಂತಿದ್ದರು. ಅಣ್ಣ ಹಲಗೆ ಕುಯ್ಯಲು ಗರಗಸ ತಂದರು. ಡಿಸೈನರ್ ಓಡಿ ಬಂದು ಅಡ್ಡ ನಿಂತ.

'ದಯವಿಟ್ಟು ಈ ಗೋಡೆ ಮುಟ್ಬೇಡಿ ಮೇಡಂ. ಇಡೀ ಹಾಲಲ್ಲಿ ಜನಕ್ಕೆ ಇಷ್ಟ ಆಗಿರೋದು ಇದೊಂದೇ.'

ಬಿಸಿ ಗಾಳಿ

ಎಲ್ಲ ಪರದೆಗಳನ್ನೂ ನಡೆಸುವ ದೊಡ್ಡ ಯಂತ್ರ, ಅಂದರೆ ಸರ್ವರ್, ಕ್ಯಾಂಟೀನಿನ ಹಿಂದಿನ ಪುಟ್ಟ ಕೋಣೆಯಲ್ಲಿತ್ತು. ಅದು ಚಳಿಗಾಲ. ಬೆಳಗ್ಗೆ ಬಂದರೆ ಸರ್ವರ್ ಕಾದು ಬೆಂಕಿಯಾಗಿ ತಾನೇ ಬಂದ್ ಆಗಿರುತ್ತಿತ್ತು. ಮುಟ್ಟಿ ನೋಡುವ ಹೊತ್ತಿಗೆ ಸುತ್ತಮುತ್ತ ಎಲ್ಲ ಸರಿಯಾಗಿರುತ್ತಿತ್ತು. ಮತ್ತೆ ಹಚ್ಚಿದರೆ ಸಂಜೆಯವರೆಗೂ ತಂಟೆಯಿಲ್ಲ. ಮಾರನೇ ಬೆಳಗ್ಗೆ ಮತ್ತೆ ಅದೇ ಕಥೆ. ಸರ್ವರ್ ಮಾರಿದ ಕಂಪನಿಯವರಿಗೆ ಫೋನ್ ಮಾಡಿ ಜಗಳವಾಡಿದೆ. 'ನೀವೇ ಏನೋ ಮಾಡಿರ್ಬೇಕು ಮೇಡಂ' ಅಂದರು. ಹೊಸ ಸರ್ವರ್ ಕಳಿಸಿ ಅಂತ ಕೂಗಾಡಿ, ಒಬ್ಬರನ್ನು ಅಳಿಸಿದೆನೇನೋ ಅಂತ ಈಗಲೂ ಅನುಮಾನ.

ಒಂದು ದಿನ ಮ್ಯೂಸಿಯಂ ತೆಗೆಯುವ ಮುಂಚೆಯೇ ಹೋದೆ. ಕ್ಯಾಂಟೀನ್ ನಡೆಸುವ ಅಮ್ಮ ಸರ್ವರ್ ಕೋಣೆಯಿಂದ ದೊಡ್ಡ ಪಾತ್ರೆಯೊಂದನ್ನು ಎತ್ತಿಕೊಂಡು ಬರುತ್ತಿದ್ದರು. ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿತ್ತು, ಬಟ್ಟೆಯನ್ನು ತಳ್ಳಿಕೊಂಡು ಹಿಟ್ಟು ಉಕ್ಕಿ ಬಂದಿತ್ತು.

'ಏನಮ್ಮಾ ಇದು?'

'ಇಡ್ಲಿ ಮಾವು ಕಣಮ್ಮಾ' ಅಂದರು. ಅವರದು ಹಲಸೂರಿನ ತಮಿಳು ಬೆರೆತ ಕನ್ನಡ, ಹಿಟ್ಟಿಗೆ ಮಾವು, ನೋಡು ಅನ್ನುವುದಕ್ಕೆ ಪಾರು. 'ಈ ಚಳೀಲಿ ಎಲ್ಲಿಟ್ರೂ ಉಬ್ಬಲ್ಲ. ನಿನ್ ಮಿಷಿನ್ ಹಿಂದೆ ಬಿಸಿ ಗಾಳಿ ಬರತ್ತೆ ಪಾರು, ಅಲ್ಲಿಟ್ರೆ ಅಷ್ಟು ಚೆನ್ನಾಗಿ ಹುಳಿ ಬರತ್ತೆ.'

ಸರ್ವರಿನ ಬಿಸಿ ಗಾಳಿ ಹೊರಗೆ ಹೋಗುವ ಜಾಗಕ್ಕೆ ಸರಿಯಾಗಿ ಪಾತ್ರೆ ಒತ್ತಿ ಇಡುತ್ತಿದ್ದರು. ನಾನು ಅರಚಾಡಿದೆ. ಇದು ಎಂಥ ಯಂತ್ರ ಗೊತ್ತಾ, ಕೆಟ್ಟರೆ ಏನಾಗುತ್ತೆ ಗೊತ್ತಾ ಅಂತ ಉದ್ದಕ್ಕೆ ಹೇಳಿದೆ. ಆಯಮ್ಮ ಎಲ್ಲ ಕೇಳಿಸಿಕೊಂಡು, ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಇಡ್ಲಿ ಚಟ್ನಿ ಹಾಕಿಕೊಂಡು ಬಂದು ಮುಂದಿಟ್ಟರು.

ಆ ಇಡ್ಲಿ ಹತ್ತಿಯ ಹಾಗಿತ್ತು. ಅಂಥ ಇಡ್ಲಿ ನಾನು ಜನ್ಮದಲ್ಲಿ ತಿಂದಿಲ್ಲ. ನನಗೆ ಇನ್ನೂ ಸಿಟ್ಟಿರುವುದು ಅದಕ್ಕೇ.

ಮುಟ್ಟಬೇಡಿ

ಉದ್ಘಾಟನೆಗೆ ಮುಂಚೆ ಒಂದು ಶಾಲೆಯ ಮಕ್ಕಳನ್ನು ಕರೆಸಿ ಪರೀಕ್ಷೆ ಮಾಡುವುದು ಅಂತಾಯಿತು. ಯಾವ ಪರದೆಯನ್ನು ಯಾರು ಮುಟ್ಟಿದರೂ ನನ್ನ ಲ್ಯಾಪ್‌ಟಾಪಿನಲ್ಲಿ ತಿಳಿಯುತ್ತದೆ. ಮಕ್ಕಳು ಹಾಲಿನೊಳಗೆ ಹೋದರು. ನಾನು ಸರ್ವರ್ ಕೋಣೆಯಲ್ಲಿ ಕೂತು ನೋಡಿದರೆ ಲ್ಯಾಪ್‌ಟಾಪಿನಲ್ಲಿ ಏನೂ ಇಲ್ಲ. ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಿದೆ. ಅಣ್ಣ ಟಾರ್ಚ್ ಹಿಡಿದು ಹಾಲಿನ ವೇದಿಕೆಯ ಕೆಳಗೆ ತೆವಳಿಕೊಂಡು ಒಂದೊಂದೇ ಕೇಬಲ್ ನೋಡಿ ಬಂದರು. ಎಲ್ಲ ಸರಿಯಿದೆ. ಬೆವರು ಒರೆಸಿಕೊಳ್ಳುತ್ತಾ ನಾನೇ ಹಾಲಿಗೆ ಓಡಿದೆ.

ಮಕ್ಕಳು ಕೈ ಕಟ್ಟಿಕೊಂಡು ಸಾಲಾಗಿ ನಡೆಯುತ್ತಿದ್ದರು. ಮುಂದೆ ಮ್ಯೂಸಿಯಮ್ಮಿನ ಕಾವಲುಗಾರರು, ಶಿವಾಜಿನಗರದ ಹಿರಿಯರೊಬ್ಬರು. 'ದೂರದಿಂದ ನೋಡಿ ಬೇಟಾ, ದೂರದಿಂದ' ಅನ್ನುತ್ತಿದ್ದರು.

'ಸಾಹೇಬ್ರೇ, ಇದು ಮುಟ್ಟೋಕೇ ಇಟ್ಟಿರೋದು.'

'ರಾಜರ ಕಾಲದ ಕತ್ತೀನೇ ನಾನು ಯಾರಿಗೂ ಮುಟ್ಟಕ್ಕೆ ಬಿಟ್ಟಿಲ್ಲ ಮೇಡಂ. ಇದು ನಿನ್ನೆ ಬಂದಿದ್ದು.'

ನಾನು ನಿರ್ದೇಶಕರ ಹತ್ತಿರ ಹೋಗಿ ರೇಗಾಡಿದೆ. ಅವರು ತಕ್ಷಣ 'ಇನ್ನು ಮೇಲೆ ಮಕ್ಕಳಿಗೆ ಮುಟ್ಟಲು ಬಿಡಬೇಕು' ಅಂತ ಆರ್ಡರ್ ಬರೆದುಕೊಟ್ಟರು. ಮಾರನೇ ದಿನ ನಾನು ಬಂದಾಗ ಹಳೇ ಹಾಲಿನಿಂದ ದೊಡ್ಡ ಗಲಾಟೆ ಕೇಳುತ್ತಿತ್ತು. ಒಬ್ಬ ಹುಡುಗ ಕಲ್ಲಿನ ನಂದಿಯ ಮೇಲೆ ಕೂತಿದ್ದ. ಒಬ್ಬಳು ಹಳೇ ವೀಣೆಯ ತಂತಿ ಎಳೆಯುತ್ತಿದ್ದಳು. ಕಾವಲುಗಾರರು ನಡುವೆ ನಿಂತು, 'ಮುಟ್ಟಿ ಬೇಟಾ, ಹೆದರ್ಬೇಡಿ' ಅನ್ನುತ್ತಿದ್ದರು.

ನನ್ನನ್ನು ನೋಡಿ ಆರ್ಡರ್ ತೆಗೆದು ತೋರಿಸಿದರು. 'ಯಾವ ಹಾಲ್ ಅಂತ ಬರ್ದಿಲ್ಲ ಮೇಡಂ.'

ನಿರ್ದೇಶಕರ ಭಾಷಣ

ಹೊಸ ಹಾಲಿನ ಮುಖ್ಯ ಆಕರ್ಷಣೆ ಸಂದೇಶ ಕಳಿಸುವ ಆಟ. ಹಾಲಿನ ಎರಡು ಮೂಲೆಯಲ್ಲಿ ಮರೆ ಕಟ್ಟಿದ ಎರಡು ಪುಟ್ಟ ಗೂಡುಗಳು, ಒಂದೊಂದರಲ್ಲೂ ಒಂದು ಕಂಪ್ಯೂಟರು. ಇಲ್ಲಿ ಬರೆದದ್ದು ಕೇಬಲ್ಲಿನಲ್ಲಿ ಓಡಿ ಅಲ್ಲಿ ಮೂಡುತ್ತದೆ. ಜೊತೆಗೆ ವೇದಿಕೆಯ ಹಿಂದಿನ ಗೋಡೆಯಗಲದ ಪರದೆಯ ಮೇಲೂ ಎಲ್ಲರಿಗೂ ಕಾಣುತ್ತದೆ.

ಉದ್ಘಾಟನೆಯ ದಿನ ಆ ದೊಡ್ಡ ಪರದೆ ಖಾಲಿಯಾಗಿರಬೇಕು, ಭಾಷಣ ಮುಗಿದ ಮೇಲೆ ಮುಖ್ಯ ಅತಿಥಿ ಮೇಜಿನ ಮೇಲಿನ ಕೆಂಪು ಗುಂಡಿ ಒತ್ತಿದಾಗ ಹೊತ್ತಿಕೊಳ್ಳಬೇಕು ಅಂತ ಏರ್ಪಾಡು. ಮುಖ್ಯ ಅತಿಥಿ ಕುಕ್ ಟೌನಿನ ಒಬ್ಬ ಅಜ್ಜಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಪರದೆ ಹೊತ್ತಿದ ಮೇಲೆ ಮೊದಲ ಸಂದೇಶ ಕಳಿಸಿ ತೋರಿಸಲು ನಾನೊಂದು ಗೂಡಿನಲ್ಲಿ, ಅಣ್ಣ ಇನ್ನೊಂದರಲ್ಲಿ ಕಾಯುತ್ತಾ ಕೂತೆವು. ಅಲ್ಲಿಂದ ವೇದಿಕೆ ಕಾಣುವುದಿಲ್ಲ, ಮಾತು ಮಾತ್ರ ಕೇಳುತ್ತದೆ.

ನಿರ್ದೇಶಕರು ಶಿಲಾಯುಗದಿಂದ ಶುರು ಮಾಡಿದರು. ಬಹಳ ಹೊತ್ತಾಯಿತು. ಬೆಳಗ್ಗಿನಿಂದ ನಾನು ಏನೂ ತಿಂದಿರಲಿಲ್ಲ. ಸಿಟ್ಟು ತಡೆಯಲಾರದೆ ಬರೆದೆ: 'ಅಣ್ಣಾ, ಶಿಲಾಯುಗ ಮುಗೀತಾ?'

ಅಣ್ಣನ ಉತ್ತರ ಬಂತು: 'ಇಲ್ರಿ ಅಕ್ಕಾ. ಈಗ ಬೆಂಕಿ ಕಂಡುಹಿಡ್ಯಾಕತ್ತಾರ.'

ಸಭೆಯಲ್ಲಿ ನಗು ಎದ್ದಿತು. ನಿರ್ದೇಶಕರು ಒಂದು ಕ್ಷಣ ನಿಲ್ಲಿಸಿದರು. ಅವರ ಜೀವನದಲ್ಲಿ ಜನ ಅವರ ಭಾಷಣಕ್ಕೆ ನಕ್ಕದ್ದು ಅದೇ ಮೊದಲಿರಬೇಕು. ದನಿಯಲ್ಲಿ ಹುರುಪು ಬಂತು. ಬೆಂಕಿಯ ವಿಷಯವನ್ನು ಇನ್ನಷ್ಟು ವಿವರಿಸಿದರು.

'ಜನ ಯಾಕೆ ನಗ್ತಿದಾರೆ?' ಅಂತ ಬರೆದೆ.

'ಗೊತ್ತಿಲ್ರಿ. ಬೆಂಕಿಯೊಳಗ ನಗುವಂಥಾದ್ದೇನೂ ಇಲ್ಲ.'

ಮತ್ತೆ ನಗು, ಮೊದಲಿಗಿಂತ ಜೋರಾಗಿ. ಅಷ್ಟರಲ್ಲಿ ಚಕ್ರದ ವಿಷಯಕ್ಕೆ ಬಂದಿದ್ದ ನಿರ್ದೇಶಕರು ಖುಷಿಯಿಂದ ಹಿಂದಕ್ಕೆ ಹೋಗಿ, ಬೆಂಕಿಯ ಬಗ್ಗೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರು.

'ಅಕ್ಕಾ, ಮತ್ತ ಗುಹೆಗೆ ಹೋದ್ರು.'

ನನಗೆ ಮೈಯೆಲ್ಲ ಉರಿಯಿತು. ಕೀಲಿಗಳನ್ನು ಕುಟ್ಟಿ ಬರೆದೆ: 'ಇವರು ಕಂಪ್ಯೂಟರಿಗೆ ಬರೋಷ್ಟರಲ್ಲಿ ನಮ್ಮಿಬ್ಬರನ್ನೂ ಗಾಜಿನ ಪೆಟ್ಟಿಗೇಲಿಟ್ಟು ಜನಕ್ಕೆ ತೋರಿಸ್ಬೇಕಾಗುತ್ತೆ.'

ಈ ಸಲ ಚಪ್ಪಾಳೆಯೇ ಬಿತ್ತು. ಯಾರೋ ನಕ್ಕು ನಕ್ಕು ಕೆಮ್ಮುತ್ತಿದ್ದರು. ನಿರ್ದೇಶಕರು ಗದ್ಗದಿತರಾಗಿ, 'ನಿಮ್ಮ ಪ್ರೀತಿಗೆ ಋಣಿ' ಅಂತ ಹೇಳಿ ಕೂತರು.

ಆಮೇಲೆ ಮೈಕಿನಲ್ಲಿ ಅಜ್ಜಿಯ ದನಿ ಕೇಳಿತು. 'ಗುಂಡಿ ಒತ್ತಿ ಅಂತ ಬರೆದಿತ್ತು, ಬಂದ ತಕ್ಷಣ ಒತ್ತಿಬಿಟ್ಟೆ, ತಪ್ಪಾಯ್ತೇನೋ' ಅಂದರು. 'ನಾನು ಎಕ್ಸ್‌ಚೇಂಜಲ್ಲಿ ಇದ್ದಾಗ ಎಷ್ಟೋ ಸಲ ಲೈನು ಕ್ರಾಸ್ ಆಗಿ ಬೇರೆಯವರ ಮಾತು ಕಿವಿಗೆ ಬೀಳೋದು. ಡ್ಯೂಟೀಲಿ ಇದ್ದೋರು ನಗೋ ಹಾಗಿರ್ಲಿಲ್ಲ. ಇವತ್ತು ಆ ಆಸೆ ತೀರ್ತು. ಪಾಪ, ಅವರಿಬ್ರಿಗೂ ಮೊದಲು ಊಟಕ್ಕೆ ಹಾಕಿ.'

ಗೂಡಿನಿಂದ ಹೊರಗೆ ಇಣುಕಿದೆ. ನಾವಿಬ್ಬರು ಬರೆದದ್ದೆಲ್ಲ ಗೋಡೆಯಗಲಕ್ಕೆ, ಅಕ್ಷರಕ್ಕೊಂದು ಮೊಳದಂತೆ ನಿಂತಿತ್ತು. ಓಡಿಹೋಗಿ ಪರದೆ ಆರಿಸಿದೆ. ಕಲ್ಯಾಣ ನಗರದ ಬಾಗಿಲು ಕಣ್ಣ ಮುಂದೆ ಬಂತು. ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಳ್ಳುತ್ತಿರುವಾಗಲೇ ನಿರ್ದೇಶಕರು ನನ್ನ ಕಡೆಗೇ ಬಂದರು. ಮುಖ ಹೊಳೆಯುತ್ತಿತ್ತು.

'ನೋಡಿದ್ರೇನಮ್ಮಾ, ಜನ ಹೇಗೆ ನಕ್ಕರು? ಇಷ್ಟು ವರ್ಷ ನಾನು ಸುಮ್ಮನೆ ಚಿಕ್ಕ ಚಿಕ್ಕ ಭಾಷಣ ಮಾಡ್ತಿದ್ದೆ' ಅಂದರು. ಆಮೇಲೆ ಸ್ವಲ್ಪ ಗಂಭೀರವಾದರು. 'ಆದ್ರೆ ಒಂದು ಕಂಪ್ಲೇಂಟಿದೆ. ನಾನು ಮಾತಾಡುವಾಗ ಹಿಂದೆ ಆ ಸ್ಕ್ರೀನು ಹಚ್ಚಿದ್ದು ಯಾರು? ಸಭೇಲಿ ಅರ್ಧ ಜನ ಅದನ್ನೇ ನೋಡ್ಕೊಂಡು ಕೂತಿದ್ರು. ಪಾಪ, ಒಳ್ಳೊಳ್ಳೇ ಜೋಕೆಲ್ಲ ಅವರಿಗೆ ತಪ್ಪಿಹೋಯ್ತು.'