ಹಾಲಿನ ಕ್ಯಾನು ನಡೆಸಿದ ಇಂಗ್ಲಿಷ್ ಪರೀಕ್ಷೆ

ರುದ್ರಣ್ಣ ಕ್ಯಾನಿನ ಮೇಲೆ ಹೊದಿಸಿದ್ದ ಟವೆಲನ್ನು ಸರ್ರನೆ ಎಳೆದ ಗತ್ತಿಗೆ ಎದುರಿಗೆ ಒಬ್ಬ ಮಂತ್ರಿಯಾದರೂ ಇರಬೇಕಿತ್ತು. ಇದ್ದವರು ಅವನ ಹೆಂಡತಿ ಕಮಲಾಕ್ಷಿ, ತಂಗಿ ದಾಕ್ಷಾಯಣಿ, ಮತ್ತು ಹಾಲಿನ ಪಾತ್ರೆ ಕಂಡು ಆಸೆಯಿಂದ ಬಂದಿದ್ದ ಪಕ್ಕದ ಮನೆಯ ಬೆಕ್ಕು.

ಸ್ಟೂಲಿನ ಮೇಲಿದ್ದದ್ದು ಡೈರಿಯ ಹರಾಜಿನಲ್ಲಿ ತಂದ ಹಳೇ ಅಲ್ಯೂಮಿನಿಯಂ ಕ್ಯಾನು. ಅದರ ಬಾಯಿಗೆ ಮದುವೆಮನೆಯ ಮೈಕ್‌ಸೆಟ್ಟಿನ ಹಾರ್ನು ಕೂರಿಸಿದ್ದ. ಎರಡೂ ಹಿಡಿಕೆಗಳಿಗೆ ಟೆಲಿಫೋನಿನ ಕಿವಿಗಳು. ಹೊಟ್ಟೆಯ ಮೇಲೆ ಗಡಿಯಾರದಂಥ ಬಿಲ್ಲೆ, ಬಿಲ್ಲೆಗೊಂದು ಕೆಂಪು ಮುಳ್ಳು. ಮುಳ್ಳು ತಿರುಗುವ ದಾರಿಯಲ್ಲಿ ಪೇಂಟಿನಿಂದ ಮೂರು ಪದ ಬರೆದಿದ್ದ: ನೀರು, ಹಸು, ಎಮ್ಮೆ.

"ಇಂಗ್ಲಿಷ್‌ಮಾಪಕ," ಎಂದ ರುದ್ರಣ್ಣ. "ಎದುರಿಗೆ ನಿಂತವರ ಇಂಗ್ಲಿಷು ಎಷ್ಟು ಗಟ್ಟಿ ಅಂತ ಹೇಳಿಬಿಡುತ್ತೆ."

ಅವನು ನಿವೃತ್ತಿಯವರೆಗೂ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡಿದವನು. ಗಾಜಿನ ಕೊಳವೆ ಇಳಿಬಿಟ್ಟು ಯಾರು ಎಷ್ಟು ನೀರು ಬೆರೆಸಿದ್ದಾರೆಂದು ಹೇಳುವುದೇ ಅವನ ಕಸುಬು. ನಿವೃತ್ತನಾದ ಮೇಲೆ ಜಗತ್ತಿನಲ್ಲಿ ಕೊಳವೆ ಇಳಿಬಿಡಲಾಗದ ವಸ್ತುವೇ ಇಲ್ಲ ಎಂಬ ನಂಬಿಕೆ ಅವನಿಗೆ ಬಂದಿತ್ತು. ಹಿಂದಿನ ವರ್ಷ ಬಾಡಿಗೆಯವರ ಪ್ರಾಮಾಣಿಕತೆ ಅಳೆಯುವ ಯಂತ್ರ ಮಾಡಿ, ಇದ್ದ ಒಬ್ಬ ಬಾಡಿಗೆಯವನನ್ನೂ ಕಳೆದುಕೊಂಡಿದ್ದ.

"ಇದಕ್ಕೆ ಇಂಗ್ಲಿಷು ಕಲಿಸಿದವರು ಯಾರಣ್ಣ?" ದಾಕ್ಷಾಯಣಿ ಅನುಮಾನದಿಂದ ಕೇಳಿದಳು. ಹುಲಿಗೊಂದಿ ಪ್ರೌಢಶಾಲೆಯಲ್ಲಿ ಇಂಗ್ಲಿಷು ಹೇಳಿಕೊಡುವವಳು ಅವಳೇ. ಊರಿನಲ್ಲಿ ಆ ಭಾಷೆ ತನಗೆ ತಿಳಿಯದಂತೆ ಯಾರಿಗಾದರೂ ಬಂದುಬಿಟ್ಟಿತೇ ಎಂದು ಅವಳಿಗೆ ಆಶ್ಚರ್ಯ.

"ನೀನೇ!" ಎಂದ ರುದ್ರಣ್ಣ. "ದಸರಾ ರಜೆ ಮುಗಿದಾಗಿಂದ ನಿನ್ನ ತರಗತಿಯ ಕಿಟಕಿಯ ಆಚೆ ಇಟ್ಟಿದ್ದೆ. ನಿನ್ನ ಒಂದು ಪಾಠವನ್ನೂ ಇದು ತಪ್ಪಿಸಿಕೊಂಡಿಲ್ಲ."

ಅದು ನೀರು ತುಂಬಿಡುವ ಕ್ಯಾನು ಎಂದುಕೊಂಡು ಅವಳು ದಿನಾ ಅದರ ಮೇಲೆ ಛತ್ರಿ ಒಣಗಹಾಕುತ್ತಿದ್ದಳು. ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಅಣ್ಣ ಗುಂಡಿ ಒತ್ತಿದ. ಹಾರ್ನು ಗಂಟಲು ಸರಿಮಾಡಿಕೊಂಡು, ಥೇಟ್ ದಾಕ್ಷಾಯಣಿಯ ರಾಗದಲ್ಲಿ ಹೇಳಿತು: "ದಿ ಸನ್ ರೈಸಸ್ ಇನ್ ದಿ ಈ..."

"ಸ್ಟ್," ಎಂದಳು ದಾಕ್ಷಾಯಣಿ.

ಮುಳ್ಳು ನೀರನ್ನು ದಾಟಿ, ಹಸುವನ್ನು ದಾಟಿ, ಎಮ್ಮೆಯ ಮೇಲೆ ಹೋಗಿ ನಿಂತಿತು. ಅವಳ ಕೋಪ ಅರ್ಧ ಇಳಿಯಿತು. ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ಅವಳ ಇಂಗ್ಲಿಷನ್ನು ಎಮ್ಮೆಯ ಮಟ್ಟಕ್ಕೆ ಏರಿಸಿರಲಿಲ್ಲ.

ಕಮಲಾಕ್ಷಿ ಕಾಲೇಜು ಮೆಟ್ಟಿಲು ಹತ್ತಿದವಳು. ತಾನೇನು ಕಡಿಮೆ ಎಂದು ಮುಂದೆ ಬಂದು, ತನ್ನ ಊರು, ತವರು, ಗಂಡನ ಹುಚ್ಚು ಎಲ್ಲವನ್ನೂ ಚೆನ್ನಾದ ಇಂಗ್ಲಿಷಿನಲ್ಲಿ ಹೇಳಿದಳು. ಮುಳ್ಳು ನೀರಿನ ಮೇಲೆ ಬಿದ್ದದ್ದು ಏಳಲೇ ಇಲ್ಲ. ರುದ್ರಣ್ಣ ತಲೆಯಾಡಿಸಿ, ಯಂತ್ರಕ್ಕೆ ಸಂಬಂಧಿಕರ ಮುಲಾಜಿಲ್ಲ ನೋಡು ಎಂದ. ಆ ರಾತ್ರಿಯ ಊಟಕ್ಕೆ ಅವನ ತಟ್ಟೆಗೆ ಬಂದ ಸಾರೂ ಅದೇ ಮಟ್ಟದ್ದಾಗಿತ್ತಂತೆ.

ದಾಕ್ಷಾಯಣಿ ಮಾಮೂಲಿನಂತೆ ನಕ್ಕು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಅವಳಿಗೊಂದು ಆತಂಕವಿತ್ತು. ಹಿಂದಿನ ತಿಂಗಳು ವಿಷಯ ಪರಿವೀಕ್ಷಕರಾದ ಸದ್ಯೋಜಾತಯ್ಯನವರು ಶಾಲೆಗೆ ಬಂದಿದ್ದರು. ಹತ್ತನೇ ತರಗತಿಯಲ್ಲಿ ಚಿತ್ತಮ್ಮ ಎಂಬ ಹುಡುಗಿಯನ್ನು ಎಬ್ಬಿಸಿ, ನಿನ್ನೆ ಏನು ಮಾಡಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಚಿತ್ತಮ್ಮ ಎದ್ದು ನಿಂತಳು, ನಿಂತೇ ಇದ್ದಳು. ಬೇರೆಯವರನ್ನು ಕೇಳಿದರು, ಅವರೂ ನಿಂತರು. ಕೊನೆಗೆ ತರಗತಿ ಪೂರ್ತಿ ನಿಂತಿತ್ತು. ಮುಂದಿನ ಸಲವೂ ಹೀಗೇ ಆದರೆ ಹತ್ತನೇ ತರಗತಿಗೆ ಬೇರೆಯವರನ್ನು ಕಳಿಸುತ್ತೇನೆ, ಮೇಡಂ ತೋಟಗಾರಿಕೆ ನೋಡಿಕೊಳ್ಳಲಿ ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿ ಹೋಗಿದ್ದರು. ಎಂಟನೆಯದರಿಂದ ಆ ಮಕ್ಕಳನ್ನು ಕೈಹಿಡಿದು ತಂದವಳು ಅವಳು. ಅವಳು 'ಎಲಿ' ಎಂದರೆ ಸಾಕು, ಇಡೀ ತರಗತಿ ಒಂದೇ ಗಂಟಲಿನಲ್ಲಿ 'ಫೆಂಟ್' ಎನ್ನುತ್ತಿತ್ತು. ಅಂಥ ತರಗತಿ ಜಿಲ್ಲೆಯಲ್ಲೇ ಇರಲಿಲ್ಲ. ಅದನ್ನು ಬಿಟ್ಟು ಬದನೆ ಸಸಿಗೆ ನೀರು ಹಾಕುವುದೆಂದರೆ!

ಮಕ್ಕಳಿಗೆ ಇಂಗ್ಲಿಷು ಬರುತ್ತದೆ, ಸಾಹೇಬರ ಮೀಸೆ ಕಂಡು ಹೆದರುತ್ತಾರೆ ಅಷ್ಟೆ ಎಂಬುದು ಅವಳ ವಾದ. ಕ್ಯಾನಿಗೆ ಮೀಸೆ ಇರಲಿಲ್ಲ.

"ಗುರುವಾರ ಸಾಹೇಬರು ಮತ್ತೆ ಬರ್ತಾರೆ. ಆವತ್ತು ಇದನ್ನ ಶಾಲೆಗೆ ತಗೊಂಡು ಬಾ," ಎಂದಳು ಅಣ್ಣನಿಗೆ.

ಗುರುವಾರ ಸದ್ಯೋಜಾತಯ್ಯನವರು ಬಂದರು. ಯಂತ್ರವನ್ನು ಸುತ್ತು ಹಾಕಿ ನೋಡಿದರು. ಹಾಲು ಎಲ್ಲಿ ಎಂದು ಕೇಳಿದರು. ರುದ್ರಣ್ಣ ತನ್ನ ತತ್ವವನ್ನು ಡೈರಿಯ ಕಾಲದಿಂದ ಶುರುಮಾಡಿ ಹೇಳಿದ. ಅರ್ಧಕ್ಕೇ ಸುಸ್ತಾದ ಅವರು ಆಗಲಿ, ನೋಡೋಣ ಎಂದು ಕುರ್ಚಿಯಲ್ಲಿ ಕೂತರು.

ಮೊದಲು ಭೂಮಿಕಾ ಎಂಬ ಹುಡುಗಿ ಯಂತ್ರದ ಮುಂದೆ ನಿಂತಳು. "ಅವರ್ ನ್ಯಾಶನಲ್ ಬರ್ಡ್ ಈಸ್ ದಿ ಪೀ..." ಎಂದಿತು ಕ್ಯಾನು.

"ಕಾಕ್!" ಎಂದು ಇಡೀ ತರಗತಿ ಕೂಗಿತು. ಮುಳ್ಳು ಎಮ್ಮೆಗೆ ಜಿಗಿಯಿತು.

ಒಬ್ಬರೇ ಹೇಳಬೇಕು ಎಂದರು ಸಾಹೇಬರು. ಮಿಕ್ಕವರನ್ನೆಲ್ಲ ಜಗಲಿಗೆ ಕಳಿಸಿದರು. ಯಂತ್ರ ಮತ್ತೆ ಕೇಳಿತು. ಜಗಲಿಯ ಎಲ್ಲ ಕಿಟಕಿಗಳಿಂದಲೂ ಉತ್ತರ ಬಂತು. ಕಿಟಕಿ ಮುಚ್ಚಿಸಿದರು. ಆಗ ಪಕ್ಕದ ಒಂಬತ್ತನೇ ತರಗತಿಯಿಂದ ಗೋಡೆ ತೂರಿಕೊಂಡು ಬಂತು. ಮಕ್ಕಳನ್ನು ದೂರಿ ಪ್ರಯೋಜನವಿರಲಿಲ್ಲ. ಯಾರಾದರೂ ಮಾತನ್ನು ಅರ್ಧಕ್ಕೆ ಬಿಟ್ಟು ಹುಬ್ಬೇರಿಸಿದರೆ ಉಳಿದರ್ಧವನ್ನು ಎಲ್ಲರೂ ಸೇರಿ ತುಂಬಬೇಕು. ಅದು ಅವರ ಪಾಲಿಗೆ ಸೀನು ಬಂದಷ್ಟು ಸಹಜ. ಕ್ಯಾನಿಗೆ ಹುಬ್ಬು ಇಲ್ಲದಿದ್ದರೂ ಇದ್ದಂತೆ ಅನ್ನಿಸುತ್ತಿತ್ತು.

ಸದ್ಯೋಜಾತಯ್ಯನವರು ಬೇಸತ್ತು, ಮೊದಲು ಯಂತ್ರವೇ ಸರಿಯಿದೆಯೋ ಇಲ್ಲವೋ ನೋಡುತ್ತೇನೆಂದು ಎದ್ದರು. ಕೋಟಿನ ಗುಂಡಿ ಹಾಕಿಕೊಂಡು, ಶಿಕ್ಷಣದ ಮಹತ್ವದ ಬಗ್ಗೆ ಒಂದು ಇಂಗ್ಲಿಷ್ ಭಾಷಣ ಮಾಡಿದರು. ಅದರಲ್ಲಿ ಉಪಮೆ ಇತ್ತು, ಏರಿಳಿತ ಇತ್ತು, ಕೊನೆಗೆ ಗಾಳಿಯಲ್ಲಿ ತೇಲಿಬಿಟ್ಟ ಒಂದು ಬೆರಳೂ ಇತ್ತು.

ಮುಳ್ಳು ನೀರಿಗೆ ಬಿತ್ತು. ಅಲ್ಲಿಂದಲೂ ಕೆಳಗಿಳಿದು, ಪೇಂಟು ಹಚ್ಚದ ಜಾಗದಲ್ಲಿ ನಡುಗುತ್ತ ನಿಂತಿತು.

ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ದಾಕ್ಷಾಯಣಿಗೆ ಆಗ ಹೊಳೆಯಿತು. ಅತ್ತಿಗೆಯೂ ವಾಕ್ಯಗಳನ್ನು ಪೂರ್ತಿ ಮಾಡಿದ್ದಳು, ಸಾಹೇಬರೂ ಪೂರ್ತಿ ಮಾಡಿದ್ದಾರೆ. ಈ ಕ್ಯಾನು ಜೀವಮಾನದಲ್ಲಿ ಕೇಳಿದ್ದು ಅವಳ ಪಾಠ ಒಂದನ್ನೇ. ಒಬ್ಬರು ಶುರುಮಾಡಬೇಕು, ಇನ್ನೊಬ್ಬರು ಮುಗಿಸಬೇಕು. ಎರಡನ್ನೂ ತಾನೇ ಮಾಡುವವನಿಗೆ ಇಂಗ್ಲಿಷು ಬರುವುದಿಲ್ಲ ಎಂದು ಅದು ಕಲಿತುಬಿಟ್ಟಿದೆ. ಅವಳು ಅಣ್ಣನನ್ನು ಮೂಲೆಗೆ ಎಳೆದು, ನಿಲ್ಲಿಸು ಇದನ್ನು ಎಂದು ಪಿಸುಗುಟ್ಟಿದಳು. ಗುಂಡಿ ಒಳಗೆ ಸಿಕ್ಕಿಕೊಂಡಿದೆ ಎಂದು ಅವನೂ ಪಿಸುಗುಟ್ಟಿದ. ಆಮೇಲೆ ಸಾಹೇಬರ ಕಡೆ ತಿರುಗಿ ಗಟ್ಟಿಯಾಗಿಯೇ ಸಲಹೆ ಕೊಟ್ಟ.

"ಸಾರ್, ನೀವು ಎಲ್ಲಾ ನೀವೇ ಹೇಳಿಬಿಡ್ತೀರಿ. ಕೊನೇಲಿ ಒಂಚೂರು ಬಿಡಿ."

"ನನಗೆ ಇಂಗ್ಲಿಷು ಹೇಳಿಕೊಡ್ತೀರೇನ್ರೀ?" ಎಂದರು ಸದ್ಯೋಜಾತಯ್ಯ. ಆದರೂ ಮುಳ್ಳು ನಿಂತ ಜಾಗ ಅವರನ್ನು ಚುಚ್ಚುತ್ತಿತ್ತು. ಒಮ್ಮೆ ಕೆಮ್ಮಿ, "ಎಜುಕೇಶನ್ ಈಸ್ ದಿ ಫೌಂಡೇ..." ಎಂದು ತಡೆದರು.

"ಶನ್!" ಎಂದಿತು ಜಗಲಿ.

ಮುಳ್ಳು ಹಸುವಿಗೆ ಏರಿತು. ಸಾಹೇಬರ ಮುಖ ಅರಳಿತು. ಅವರೂ ಒಂದು ಕಾಲಕ್ಕೆ ಇಂಥದೇ ಜಗಲಿಯಲ್ಲಿ ನಿಂತು ಕೂಗಿದವರೇ. ಮತ್ತೊಂದು ಪದ ಬಿಟ್ಟರು, ಮಗದೊಂದು ಬಿಟ್ಟರು. ಹಸುವನ್ನು ದಾಟಿ ಎಮ್ಮೆಯನ್ನು ಮುಟ್ಟದೆ ಬಿಡುವುದಿಲ್ಲವೆಂದು ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಮುಖ್ಯೋಪಾಧ್ಯಾಯರು ಬಂದು ಕಾಫಿ ಆರುತ್ತಿದೆ ಎಂದರೆ ಅವರಿಗೂ ಕಾಫಿಯ 'ಫಿ' ಮಕ್ಕಳಿಗೆ ಬಿಡಿ ಎಂದು ಸೂಚಿಸಿದರು.

ಇಷ್ಟರಲ್ಲಿ ಕ್ಯಾನಿಗೆ ಜ್ಞಾನೋದಯವಾಗತೊಡಗಿತು. ಅರ್ಧ ಪದ ಬಿಟ್ಟರೆ ಮಕ್ಕಳು ಮುಗಿಸುತ್ತಾರೆ. ಹಾಗಾದರೆ ಪೂರ್ತಿ ಪದ ಯಾಕೆ ಬಿಡಬಾರದು? ಬಿಟ್ಟಿತು. ಮಕ್ಕಳು ತುಂಬಿದರು. ಅರ್ಧ ವಾಕ್ಯ ಬಿಟ್ಟಿತು. ತುಂಬಿದರು. ಆಮೇಲೆ ಮೊದಲ ಎರಡು ಪದ ಹೇಳಿ ಸುಮ್ಮನಾಗುತ್ತಿತ್ತು. ಮಕ್ಕಳು ಪಾಠದ ಇಡೀ ಪುಟವನ್ನು ಒಪ್ಪಿಸುತ್ತಿದ್ದರು. ಒಂಬತ್ತನೇ ತರಗತಿ ಸೇರಿತು, ಎಂಟನೇ ತರಗತಿ ಸೇರಿತು. ಬಿಸಿಯೂಟದ ಅಡುಗೆಯವರು ಸೌಟು ಹಿಡಿದೇ ಬಂದು ತಮಗೆ ಗೊತ್ತಿದ್ದಷ್ಟು ಸೇರಿಸಿದರು. ಶಾಲೆಯ ಮುಂದೆ ನಿಂತ ಬಸ್ಸಿನಲ್ಲಿ ಹಳೆಯ ವಿದ್ಯಾರ್ಥಿಗಳಿದ್ದರೆಂದು ಕಾಣುತ್ತದೆ, ಕಂಡಕ್ಟರು ರೈಟ್ ಎಂದು ಕೂಗುವ ಬದಲು ಪದ್ಯದ ಎರಡನೇ ಸಾಲು ಕೂಗಿದ. ಬಸ್ಸು ಅಲ್ಲೇ ನಿಂತಿತ್ತು.

"ಬುದ್ಧಿವಂತ ಯಂತ್ರ," ಎಂದ ರುದ್ರಣ್ಣ ಹೆಮ್ಮೆಯಿಂದ. "ಬೇರೆಯವರು ಮಾಡೋ ಕೆಲಸ ತಾನ್ಯಾಕೆ ಮಾಡಬೇಕು?"

ಸದ್ಯೋಜಾತಯ್ಯನವರಿಗೆ ಆ ಮಾತಿನಿಂದ ಎಚ್ಚರವಾದಂತಾಯಿತು. ಕೋಟು ಹಾಕಿಕೊಂಡರು. ಗುಂಡಿಗಳನ್ನೂ ಹಾಕಿಕೊಂಡರು. ಎಲ್ಲರನ್ನೂ ಅವರವರ ಜಾಗಕ್ಕೆ ಕಳಿಸಿ, ಹತ್ತನೇ ತರಗತಿಯನ್ನು ಒಳಗೆ ಕೂರಿಸಿ, ದಾಕ್ಷಾಯಣಿಯ ಕಡೆ ತಿರುಗಿದರು.

"ಮೇಡಂ, ಪುಸ್ತಕದ ಇಂಗ್ಲಿಷು ಕೇಳಿದೆ, ನಿಮ್ಮ ಇಂಗ್ಲಿಷು ಕೇಳಿದೆ, ಕೊನೆಗೆ ಹಾಲಿನ ಕ್ಯಾನಿನದೂ ಕೇಳಿದೆ. ಇದರಲ್ಲಿ ಮಕ್ಕಳದು ಯಾವುದು?"

ಅವಳು ಮುಖ ತಿರುಗಿಸಿದಳು. ಕಿಟಕಿಯ ಆಚೆ ತೋಟಗಾರಿಕೆಯ ಒಣ ಪಾತಿಗಳು ಕಾಣುತ್ತಿದ್ದವು. ಸಾಹೇಬರು ಜೇಬಿನಿಂದ ಪೆನ್ನು ತೆಗೆದರು.

ಆಗಲೇ ಕ್ಯಾನು, ಎರಡು ಪದದಲ್ಲೂ ಒಂದನ್ನು ಉಳಿಸಬಹುದು ಎಂಬಂತೆ, "ಮೈ..." ಎಂದು ಸುಮ್ಮನಾಯಿತು.

ಮಕ್ಕಳು ಬಾಯಿ ತೆರೆದರು, ಏನೂ ಹೊರಡಲಿಲ್ಲ. 'ಮೈ' ಎಂದು ಶುರುವಾಗುವ ವಾಕ್ಯ ಪುಸ್ತಕದ ಪ್ರತಿ ಪಾಠದಲ್ಲೂ ಇದೆ, ಇದು ಯಾವುದರದ್ದು? ಎಲ್ಲರೂ ಒಟ್ಟಿಗೆ ದಾಕ್ಷಾಯಣಿಯ ತುಟಿಯನ್ನು ನೋಡಿದರು. ಇಂಥ ಹೊತ್ತಿನಲ್ಲಿ ಮಿಸ್ ತುಟಿಯನ್ನು ಸ್ವಲ್ಪ ಗುಂಡಗೆ ಮಾಡುತ್ತಿದ್ದರು, ಇಲ್ಲವೇ ಅಗಲಿಸುತ್ತಿದ್ದರು. ಅಷ್ಟರಿಂದಲೇ ಅವರು ಹಿಡಿಯುತ್ತಿದ್ದರು. ಅವಳ ತುಟಿ ಅಭ್ಯಾಸಬಲದಿಂದ ಅಲುಗಿತು. 'ಮೈ ಕಂಟ್ರಿ' ಎಂದು ಕೊಟ್ಟುಬಿಟ್ಟರೆ ತರಗತಿ ಗುಡುಗುತ್ತದೆ, ಮುಳ್ಳು ಎಮ್ಮೆಗೆ ಹೋಗುತ್ತದೆ, ಸಾಹೇಬರು ಬರೆಯುವುದನ್ನು ಬರೆಯುತ್ತಾರೆ.

ಅವಳು ತರಗತಿಗೆ ಬೆನ್ನು ತಿರುಗಿಸಿ, ಕರಿಹಲಗೆಯ ಕಡೆ ಮುಖ ಮಾಡಿ ನಿಂತುಬಿಟ್ಟಳು.

ಹಿಂದೆ ಬೆಂಚು ಕಿರುಗುಟ್ಟಿತು. ಯಾರೋ ಎದ್ದು ನಿಂತರು.

"ಮೈ ಶೀಪ್ ಈಸ್ ಸಿಕ್," ಎಂದಿತು ಒಂದು ಸಣ್ಣ ಧ್ವನಿ. ಮೂರು ವರ್ಷ ಪಾಠ ಮಾಡಿದ್ದರೂ ಆ ಧ್ವನಿ ಯಾರದೆಂದು ದಾಕ್ಷಾಯಣಿಗೆ ತಿಳಿಯಲಿಲ್ಲ. ತಿರುಗಿ ನೋಡಿದರೆ ಚಿತ್ತಮ್ಮ.

ಸಾಹೇಬರ ಪೆನ್ನು ನಿಂತಿತು. ಏನಾಗಿದೆ ಕುರಿಗೆ ಎಂದು ಇಂಗ್ಲಿಷಿನಲ್ಲೇ ಕೇಳಿದರು.

"ಲೆಗ್ ಪೇನಿಂಗ್, ಸಾರ್. ನಾಟ್ ಈಟಿಂಗ್. ಮೈ ಫಾದರ್ ಆಲ್ಸೋ ನಾಟ್ ಈಟಿಂಗ್."

ಅದು ಪುಸ್ತಕದಲ್ಲಿರಲಿಲ್ಲ. ಯಾವ ಪುಸ್ತಕದಲ್ಲೂ ಇರಲಿಲ್ಲ. ಪಕ್ಕದಲ್ಲಿದ್ದ ಅಫ್ರೀನ್ ತಾನೂ ಎದ್ದು, ತನ್ನ ಅಣ್ಣ ಲಾರಿಯಲ್ಲಿ ಮಲಗುತ್ತಾನೆ, ಲಾರಿ ಮಾತ್ರ ಮಲಗುವುದಿಲ್ಲ ಎಂದು ಹೇಳಿದಳು. ತಿಮ್ಮೇಶ ತನ್ನ ಅಜ್ಜಿ ಸಿಟ್ಟಿನವಳು ಎಂದ. ಭೂಮಿಕಾಗೆ ಕೊಡೆ ಕಳೆದುಹೋಗಿತ್ತು. ಮತ್ತೊಬ್ಬನಿಗೆ ಹಲ್ಲು ನೋಯುತ್ತಿತ್ತು. ಇಡೀ ತರಗತಿ ಎದ್ದಿತು. ಒಂದು 'ಮೈ'ಗೆ ತರಗತಿಯಲ್ಲಿ ಎಷ್ಟು ಮಕ್ಕಳೋ ಅಷ್ಟು ಬಾಲ. ಕಾಲ ತಪ್ಪಿತು, ಲಿಂಗ ತಪ್ಪಿತು, ಕ್ರಿಯಾಪದಗಳು ದಾರಿಯಲ್ಲೇ ಇಳಿದುಹೋದವು. ಆದರೆ ಯಾರು ಏನು ಹೇಳುತ್ತಿದ್ದಾರೆಂಬುದು ಸದ್ಯೋಜಾತಯ್ಯನವರಿಗೆ ಅರ್ಥವಾಗುತ್ತಿತ್ತು. ಅಜ್ಜಿಗೆ ಯಾಕೆ ಸಿಟ್ಟು ಎಂದು ಅವರು ವಿಚಾರಿಸಿದ್ದಕ್ಕೆ ತಿಮ್ಮೇಶ ಇಂಗ್ಲಿಷು ಸಾಲದೆ ಕೈಯನ್ನೂ ಸೇರಿಸಿ ವಿವರಿಸಿದ.

ಕ್ಯಾನು ಮಾತ್ರ ಕಂಗಾಲಾಯಿತು. ಒಂದು ಮಾತಿಗೆ ಒಂದೇ ಕೊನೆ ಎಂದು ನಂಬಿದ್ದ ಪ್ರಾಣಿ ಅದು. ಮುಳ್ಳು ನೀರು, ಹಸು, ಎಮ್ಮೆ ಎಂದು ಗಿರಗಿರನೆ ತಿರುಗಿ, ಬಿಲ್ಲೆಯಿಂದ ಕಳಚಿಕೊಂಡು, ಬಾಗಿಲಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯರ ಕೈಯ ಕಾಫಿಯಲ್ಲಿ ಬಿತ್ತು. ಹಾರ್ನಿನಿಂದ ಮಜ್ಜಿಗೆ ಕಡೆದಂಥ ಸದ್ದು ಬಂತು. ರುದ್ರಣ್ಣ ತಲೆಯ ಮೇಲೆ ಕೈ ಹೊತ್ತು, ಕೆಟ್ಟಿತು, ಕೆಟ್ಟಿತು ಎಂದು ಅದರ ಸುತ್ತ ಓಡಾಡಿದ.

ಕೆಟ್ಟಿರಲಿಲ್ಲ. ಸದ್ದು ನಿಂತ ಮೇಲೆ ಕ್ಯಾನು ದಾಕ್ಷಾಯಣಿಯ ರಾಗವನ್ನು ಬಿಟ್ಟು, ತೀರ ಮೆಲ್ಲಗೆ, ಹೊಸದಾಗಿ ಶಾಲೆಗೆ ಸೇರಿದ ಮಗುವಿನಂತೆ, "ಮೈ... ಶೀಪ್... ಈಸ್... ಸಿಕ್," ಎಂದು ಚಿತ್ತಮ್ಮನ ಹಿಂದೆ ಹೇಳಿಕೊಳ್ಳತೊಡಗಿತು.

ಸಾಹೇಬರು ಆವತ್ತು ಶಾಲೆ ಬಿಡುವವರೆಗೂ ಕೂತು ಒಬ್ಬೊಬ್ಬರನ್ನೂ ಕೇಳಿದರು. ಹೋಗುವಾಗ, ಮೇಡಂ, ವ್ಯಾಕರಣ ಒಂಚೂರು ನೋಡಿಕೊಳ್ಳಿ, ಮಕ್ಕಳು ನಿಮ್ಮವರೇ ಎಂದಷ್ಟೇ ಹೇಳಿದರು. ದಾಕ್ಷಾಯಣಿ ಅವರನ್ನು ಗೇಟಿನವರೆಗೆ ಕಳಿಸಿ ಬಂದು, ಖಾಲಿ ತರಗತಿಯಲ್ಲಿ ಒಬ್ಬಳೇ ನಿಂತು, ಚಿತ್ತಮ್ಮ ಕೂರುವ ಬೆಂಚನ್ನು ಒಂದು ಸಲ ಸೆರಗಿನಿಂದ ಒರೆಸಿದಳಂತೆ.

ಕ್ಯಾನು ಈಗ ಹತ್ತನೇ ತರಗತಿಯ ಕೊನೆಯ ಬೆಂಚಿನಲ್ಲಿದೆ. ಮನೆಗೆ ಒಯ್ದರೆ ರಾತ್ರಿಯೆಲ್ಲ ಕುರಿಯ ಆರೋಗ್ಯದ ಬಗ್ಗೆ ಮಾತಾಡುತ್ತದೆಂದು ಕಮಲಾಕ್ಷಿ ಒಳಗೆ ಬಿಟ್ಟುಕೊಳ್ಳಲಿಲ್ಲ. ಪರೀಕ್ಷಕನಾಗಬೇಕಿದ್ದದ್ದು ವಿದ್ಯಾರ್ಥಿಯಾದ ದುಃಖ ರುದ್ರಣ್ಣನಿಗೆ ವಾರವೂ ಉಳಿಯಲಿಲ್ಲ. ಬಂದವರಿಗೆಲ್ಲ ಕಿಟಕಿಯಿಂದ ತೋರಿಸಿ ಎದೆಯುಬ್ಬಿಸುತ್ತಾನೆ.

"ನೋಡ್ರೀ, ಜಗತ್ತಿನಲ್ಲೇ ಮೊದಲು. ಪ್ರೌಢಶಾಲೆಯಲ್ಲಿ ಓದುತ್ತಿರೋ ಯಂತ್ರ."

ಒಳಗೆ ಅಫ್ರೀನಳ ಮಾತನ್ನು ಪೂರ್ತಿ ಕೇಳಿಸಿಕೊಂಡ ಮೇಲೆ, ದಾಕ್ಷಾಯಣಿ ಕಿಟಕಿಯ ಕಡೆ ನೋಡುತ್ತಾಳೆ.

"ಓದುತ್ತಿದೆ ಅನ್ನಬೇಡಣ್ಣ," ಎನ್ನುತ್ತಾಳೆ. "ಕೊನೇ ಬೆಂಚಲ್ಲಿ ಕೂತಿದೆ ಅನ್ನು."