ಅಪ್ಪಯ್ಯನ ನಗುವ ಫೋಟೊ

ಹಾಸ್ಯಗಾರರ ಮನೆಯಲ್ಲಿ ಹುಟ್ಟಿದವರು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಲೇ ಬೆಳೆಯುತ್ತಾರೆ ಎಂದು ಜನ ನಂಬಿದ್ದಾರೆ. ನಂಬಲಿ. ನನ್ನ ಅಪ್ಪಯ್ಯ ಯಕ್ಷಗಾನ ಮೇಳದಲ್ಲಿ ಹಾಸ್ಯಗಾರರಾಗಿಯೇ ಮುಪ್ಪಾದವರು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಅವರ ಹೆಸರು ಹೇಳಿದರೆ ಹಳಬರು ಈಗಲೂ ನಗುತ್ತಾರೆ. ಮನೆಯಲ್ಲಿ ಮಾತ್ರ ಆ ಮುಖ ಸದಾ ಸುಟ್ಟ ಬದನೆಕಾಯಿ. ಮಳೆಗಾಲದಲ್ಲಿ ಮೇಳಕ್ಕೆ ರಜೆಯಲ್ಲವೇ, ಆಗ ಅವರ ಸಿಡುಕೆಲ್ಲ ನಮಗೇ ಮೀಸಲು. ಗಂಜಿ ಬಿಸಿಯಾದರೆ ಬೈಗುಳ, ಆರಿದರೆ ಬೈಗುಳ. ಕೋಟದ ಪೇಟೆಯಲ್ಲಿ ಮೀನಿನವಳ ಮೇಲೆ ನಿಜವಾಗಿ ರೇಗಿದರೂ ಸುತ್ತ ನಿಂತವರು ಬಿದ್ದು ಬಿದ್ದು ನಗುತ್ತಿದ್ದರು. ಅದನ್ನು ಕಂಡು ಅವರ ಸಿಟ್ಟು ಇನ್ನಷ್ಟು ಏರುತ್ತಿತ್ತು. ಜನರು ಇನ್ನಷ್ಟು ನಗುತ್ತಿದ್ದರು.

ಇಂಥವರನ್ನು ಒಮ್ಮೆಯಾದರೂ ನಗಿಸಬೇಕೆಂಬುದು ಚಿಕ್ಕಂದಿನಿಂದ ನನ್ನ ಆಸೆ. ಕಿವಿಯ ಹಿಂದೆ ಉಳಿದ ಬಣ್ಣವನ್ನು ಕೊಬ್ಬರಿ ಎಣ್ಣೆಯಲ್ಲಿ ಉಜ್ಜಿಕೊಳ್ಳುತ್ತ ಅವರು ಜಗಲಿಯಲ್ಲಿ ಕೂತಾಗ, ಶಾಲೆಯಲ್ಲಿ ಕೇಳಿದ ಜೋಕುಗಳನ್ನು ಹೇಳುತ್ತಿದ್ದೆ. ಕೊನೆಯವರೆಗೂ ಕೇಳಿ, "ಮುಗೀತಾ?" ಎನ್ನುತ್ತಿದ್ದರು. ಆ ಎಣ್ಣೆಯ ವಾಸನೆ ಈಗ ನೆನೆದರೂ ಎದೆ ತುಂಬಿ ಬರುತ್ತದೆ. ನನ್ನ ತಲೆ ಬೋಳಾದರೂ ಆಸೆ ಮಾತ್ರ ಉದುರಲಿಲ್ಲ.

ಮೊನ್ನೆ ಮರವಂತೆಯ ಹುಡುಗರು ಅವರಿಗೊಂದು ಸನ್ಮಾನ ಇಟ್ಟುಕೊಂಡರು. ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಹೆದ್ದಾರಿಯಲ್ಲಿ ದೊಡ್ಡ ಫ್ಲೆಕ್ಸು. ಆ ಹುಡುಗರ ಮುಖಂಡ ಫೋನು ಮಾಡಿದ: "ಹ್ವಾಯ್, ಹಾಸ್ಯಗಾರ್ರು ನೆಗಾಡುದೊಂದ್ ಫೋಟೊ ಕಳ್ಸಿ. ವೇಷದ್ದ್ ಬ್ಯಾಡ."

ಮನೆಯೆಲ್ಲ ತಡಕಾಡಿದೆ. ವೇಷ ಕಳಚಿದ ಫೋಟೊಗಳಲ್ಲೆಲ್ಲ ಅಪ್ಪಯ್ಯ ಪೊಲೀಸರು ಹಿಡಿದು ತಂದವರಂತೆ ನಿಂತಿದ್ದರು. ಹೆಂಡತಿಯ ಕೈಗೆ ಫೋನು ಕೊಟ್ಟು, "ಅಪ್ಪಯ್ಯ, ಒಂಚೂರ್ ನೆಗಾಡಿ ಕಾಂಬ" ಎಂದೆ.

"ಎಂತಕ್ಕ್? ನಾನೇ ನೆಗಾಡ್ರೆ ಎದುರ್ ಕೂಕಂಡವ್ರ್ ಎಂತ ಮಾಡ್ಕ್? ಕಣ್ಣೀರ್ ಹಾಕಿ ಮರ್ಕುದಾ?"

ಕೊನೆಯ ಅಸ್ತ್ರವಾಗಿ ಅವರದೇ ಅಂಬಿಗನ ವೇಷವನ್ನು ಅವರೆದುರು ಮಾಡಿ ತೋರಿಸಿದೆ. ಮುಂಡು ಎತ್ತಿ ಕಟ್ಟಿ, ಕಸ ಗುಡಿಸುವ ಹಿಡಿಸೂಡಿಯನ್ನೇ ಹುಟ್ಟು ಮಾಡಿಕೊಂಡು ಜಗಲಿಯ ಉದ್ದಕ್ಕೂ ದೋಣಿ ನಡೆಸಿದೆ. ಅಪ್ಪಯ್ಯ ಪರೀಕ್ಷಕರ ಹಾಗೆ ನೋಡಿದರು. "ಇದ್ ದೋಣಿಯಾ, ಹಲ್ವ ಕಾಸುದಾ? ಕೊಡ್ ಇಲ್ಲಿ!"

ಹಿಡಿಸೂಡಿ ಕಿತ್ತುಕೊಂಡು ಎದ್ದರು. ಮಂಡಿ ನೋವು ಎಲ್ಲಿ ಹೋಯಿತೋ! ಸೊಂಟ ಒಂದಿಷ್ಟು ವಾಲಿತು, ಕುತ್ತಿಗೆ ಮುಂದೆ ಬಂತು. ನಮ್ಮ ಸಿಮೆಂಟಿನ ಜಗಲಿಯಲ್ಲಿ ಹೊಳೆ ಹರಿಯಿತು. ಮುಖದಲ್ಲಿ ಮಾತ್ರ ಅದೇ ಸಿಡುಕು. ಚಿಕ್ಕವನಿದ್ದಾಗ ರಂಗದೆದುರು ಚಾಪೆಯ ಮೇಲೆ ಕೂತು ನಕ್ಕಂತೆಯೇ ನಕ್ಕು ನಕ್ಕು ಗೋಡೆಗೆ ಒರಗಿದೆ. ಹೆಂಡತಿ ಫೋಟೊ ತೆಗೆದಳು. ಒಂದು ಪಕ್ಕದಲ್ಲಿ ಅಪ್ಪಯ್ಯ, ಇನ್ನೊಂದು ಪಕ್ಕದಲ್ಲಿ ನಾನು. ನಗದಿದ್ದರೇನು, ಅವರ ಕಣ್ಣಿನಲ್ಲಿ ಹಳೆಯ ಹೊಳಪಿತ್ತು. ಅದನ್ನೇ ಕಳಿಸಿ, "ಒಬ್ಬರನ್ನು ಕತ್ತರಿಸಿ ತೆಗೆಯಿರಿ" ಎಂದು ಬರೆದೆ.

ಕತ್ತರಿಸಿದ್ದರು. ಸನ್ಮಾನದ ದಿನ ಮರವಂತೆಯಲ್ಲಿ ಬಸ್ಸಿನಿಂದಿಳಿದರೆ ಒಂದು ಕಡೆ ಕಡಲು, ಒಂದು ಕಡೆ ಹೊಳೆ, ನಡುವೆ ಬಾಯಿ ತೆರೆದ ನಾನು! ಬೋಳು ತಲೆ, ಬೆಳ್ಳಿ ತುಂಬಿಸಿದ ದವಡೆಹಲ್ಲು, ಅಡಿಯಲ್ಲಿ ಅಪ್ಪಯ್ಯನ ಹೆಸರು. ವೇಷವಿಲ್ಲದ ಅಪ್ಪಯ್ಯನನ್ನು ಎಂದೂ ನೋಡಿರದ ಹುಡುಗರು, ಹಾಸ್ಯಗಾರ ಎಂದರೆ ನಗುವವನೇ ಇರಬೇಕೆಂದು ತೀರ್ಮಾನಿಸಿದ್ದರು.

ಮುಪ್ಪಿನಲ್ಲಿ ಬಂದ ಒಂದೇ ಒಂದು ಸನ್ಮಾನ. ಅದನ್ನೂ ಬಿಟ್ಟು ಇವರು ಮುಂದಿನ ಬಸ್ಸಿಗೆ ಮನೆಗೆ ಹೊರಡುತ್ತಾರೆ ಎಂದುಕೊಂಡೆ. ಅಪ್ಪಯ್ಯ ಫ್ಲೆಕ್ಸನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಫ್ಲೆಕ್ಸನ್ನು ನೋಡಿದರು. ಭುಜ ಕುಲುಕಿತು. ಆಮೇಲೆ ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಏ ಮಾಣಿ, ಶಾಲ್ ನೀನೇ ಹೊದ್ಕೊ. ನಾನ್ ಎದುರ್ ಕೂಕಂಡ್ ನೆಗಾಡ್ತೆ."

ನನಗೂ ಕಣ್ಣು ಒದ್ದೆಯಾಯಿತು. ಅಷ್ಟು ವರ್ಷ ಜೋಕು ಹೇಳಿ ದಣಿದದ್ದು ದಂಡ. ನನ್ನ ಮುಖವೇ ಸಾಕಿತ್ತು. ದಿನವೂ ಅದನ್ನೇ ನೋಡುತ್ತಿದ್ದವರು ಈ ತನಕ ಯಾಕೆ ನಗಲಿಲ್ಲವೋ. ಬಹುಶಃ ಅಷ್ಟು ದೊಡ್ಡದಾಗಿ ನೋಡಿರಲಿಲ್ಲ.