ಗಂಧಪ್ರಸಾದವಾದ ಪ್ಲಾಸ್ಮಿಡ್

ಹೆಮ್ಮಾಡಿಯ ನಮ್ಮ ಮನೆಗೆ ಬರುವ ಅಂಚೆಯೆಲ್ಲ ಮೊದಲು ದೇವರಿಗೆ, ಆಮೇಲೆ ನಮ್ಮತ್ತೆಗೆ, ಕೊನೆಗೆ ಏನಾದರೂ ಉಳಿದಿದ್ದರೆ ವಿಳಾಸದಲ್ಲಿ ಹೆಸರಿರುವವರಿಗೆ. ಇದು ಗೊತ್ತಿದ್ದೂ ನಾನು ನನ್ನ ಪ್ಲಾಸ್ಮಿಡ್ಡನ್ನು ಮನೆಗೇ ತರಿಸಿಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು! ಪ್ರಯೋಗಾಲಯದ ವಿಳಾಸ ಕೊಟ್ಟಿದ್ದರೆ ಅದು ಕಚೇರಿಯ ಯಾವುದೋ ಡ್ರಾಯರಿನಲ್ಲಿ ತಿಂಗಳುಗಟ್ಟಲೆ ನಿದ್ದೆ ಹೊಡೆಯುತ್ತಿತ್ತು ಎನ್ನುವುದು ನನ್ನ ಲೆಕ್ಕಾಚಾರ.

ಪ್ಲಾಸ್ಮಿಡ್ ಎಂದರೆ ಡಿಎನ್‌ಎಯ ಒಂದು ಪುಟ್ಟ ಉಂಗುರ. ನನ್ನದರೊಳಗೆ ಇಲಿಯ ಒಂದು ಜೀನ್ ಇತ್ತು, ಅದರ ಒಂದು ಅಕ್ಷರವನ್ನು ಬೇಕೆಂದೇ ಕೆಡಿಸಿದ್ದರು. ಅದನ್ನು ಸಸ್ತನಿಗಳ ಜೀವಕೋಶಕ್ಕೆ ಸೇರಿಸಿ, ಕೆಟ್ಟ ಜೀನ್ ಒಳಗೆ ಏನು ಕಿತಾಪತಿ ಮಾಡುತ್ತದೆ ಎಂದು ನೋಡುವುದೇ ನನ್ನ ಪಿಎಚ್‌ಡಿ. ಮುಂಬಯಿಯ ಪ್ರಯೋಗಾಲಯವೊಂದಕ್ಕೆ ಬರೆದು ಬರೆದು ನನ್ನ ಬೆರಳು ಸವೆದಿತ್ತು. "ಅದು ಬರದಿದ್ದರೆ ವಿಷಯ ಬದಲಿಸಿ ಮೊದಲಿನಿಂದ ಶುರು ಮಾಡಮ್ಮ" ಎಂದು ಗೈಡ್ ಹೇಳಿಯೂ ಆಗಿತ್ತು. ಕೊನೆಗೆ ಮುಂಬಯಿಯವರು ಎಲ್ಲರೂ ಕಳಿಸುವ ಹಾಗೆಯೇ ಕಳಿಸಿದರು: ಸೋಸುಕಾಗದದ ಮೇಲೆ ಒಂದು ಹನಿ ಒಣಗಿಸಿ, ಸುತ್ತ ಪೆನ್ಸಿಲಿನಲ್ಲಿ ಒಂದು ವೃತ್ತ ಎಳೆದು, ಲಕೋಟೆಯಲ್ಲಿಟ್ಟು.

ಮುಂಬಯಿಯಲ್ಲಿರುವ ನನ್ನ ಮೈದುನನೂ ಅಲ್ಲಿಯ ದೇವಸ್ಥಾನದ ಗಂಧಪ್ರಸಾದವನ್ನು ಹೀಗೆಯೇ ಕಾಗದಕ್ಕೆ ಮೆತ್ತಿ, ಒಣಗಿಸಿ, ಲಕೋಟೆಯಲ್ಲಿ ಕಳಿಸುತ್ತಾನೆ. ಅತ್ತೆ ಅದಕ್ಕೆ ನೀರು ಹಾಕಿ ತಿಕ್ಕಿ ಹಣೆಗೆ ಹಚ್ಚಿಕೊಳ್ಳುತ್ತಾರೆ.

ಒಂದು ಸಂಜೆ ಬಸ್ಸಿಳಿದು ಬಂದರೆ ಅತ್ತೆ ಬಾಗಿಲಲ್ಲೇ ಇದ್ದರು. "ಹೆಣೇ, ಬೊಂಬಾಯಿಂದ ಪ್ರಸಾದ ಬಂದಿತ್ತ್. ಈ ಸಲದ್ ಗಂಧ ಸಮ ಇಲ್ಲೆ ಕಾಣ್. ಬಣ್ಣ ಇಲ್ಲೆ, ಪರಿಮಳ ಇಲ್ಲೆ. ನೀರ್ ಹಾಯ್ಕಿ ತಿಕ್ಕಿ ತಿಕ್ಕಿ ಕೈ ಸೋತ್ ಹೋಯ್ತ್."

ನಾನು ಅವರ ಹಣೆಯನ್ನೇ ನೋಡಿದೆ. "ಅತ್ತೇ, ಅದು ಪ್ರಸಾದ ಅಲ್ಲ, ಇಲಿಯ ಜೀನ್!"

"ಇಲಿದಾ? ಥೂ! ಮೊದ್ಲೇ ಹೇಳೂಕ್ ಎಂತ ಆಯ್ತ್ ನಿಂಗೆ? ಇನ್ನೊಂದ್ ಸಲ ಮೀಯ್ಕಲೆ ಈಗ!"

ನನಗೆ ಅಳುವುದೋ ಕೂಗಾಡುವುದೋ ತಿಳಿಯಲಿಲ್ಲ. ಮೂರು ವರ್ಷದ ಓದು ಅತ್ತೆಯ ಹಣೆಯ ಮೇಲಿತ್ತು, ಅವರು ಅದನ್ನೂ ತೊಳೆಯಲು ಬಚ್ಚಲಿಗೆ ಹೊರಟಿದ್ದರು. ಆದರೆ ಪ್ರಸಾದದ ಕಾಗದವನ್ನು ಅತ್ತೆ ಕಾಲಿಗೆ ಸಿಗುವಲ್ಲಿ ಬಿಸಾಡುವವರಲ್ಲ, ತುಳಸಿಯ ಬುಡದಲ್ಲಿ ಇಡುವವರು. ಓಡಿದೆ. ಒದ್ದೆಯಾಗಿ ಮುದುಡಿದ ಕಾಗದ ಅಲ್ಲೇ ಇತ್ತು. ಮಣ್ಣು ಕೊಡವಿ, ಮರುದಿನ ಬೆಳಿಗ್ಗೆ ಪ್ರಯೋಗಾಲಯಕ್ಕೆ ಒಯ್ದು, ವೃತ್ತದೊಳಗೆ ಉಳಿದಿದ್ದ ಚೂರನ್ನು ಕತ್ತರಿಸಿ ನೆನೆಹಾಕಿ, ಆ ನೀರನ್ನು, ಪ್ಲಾಸ್ಮಿಡ್ಡನ್ನು ಬೆಳೆಸಿ ಹೆಚ್ಚಿಸಿಕೊಡುವ ಬ್ಯಾಕ್ಟೀರಿಯಾಗಳಿಗೆ ಉಣಿಸಿದೆ. ಅವುಗಳೊಳಗೆ ಪ್ಲಾಸ್ಮಿಡ್ ಸೇರಿದರಷ್ಟೇ ತಟ್ಟೆಯಲ್ಲಿ ಬಿಳಿ ಚುಕ್ಕೆಗಳು ಏಳುತ್ತವೆ. ಎದ್ದವು! ಪರೀಕ್ಷೆ ಮಾಡಿಸಿದರೆ, ಕೆಡಿಸಿದ ಅಕ್ಷರ ಕೆಟ್ಟ ಹಾಗೆಯೇ ಕ್ಷೇಮವಾಗಿತ್ತು.

"ದೇವ್ರೆದ್ರ್ ಇಟ್ಟದಲ್ದಾ, ಹುಟ್ಟದೆ ಎಲ್ಲಿಗ್ ಹೋಪ್ದ್?" ಎಂದರು ಅತ್ತೆ. ನನಗೆ ಮೈಯೆಲ್ಲ ಉರಿಯಿತು.

ಹೋಲಿಸಿ ನೋಡಲು ಕೆಡದ ಜೀನಿನ ಪ್ಲಾಸ್ಮಿಡ್ಡೂ ಬೇಕಿತ್ತು. ಅದನ್ನು ಜಾಣತನದಿಂದ ಪ್ರಯೋಗಾಲಯಕ್ಕೇ ತರಿಸಿದೆ. ಕೈಗವಸು ಹಾಕಿ, ಶಾಸ್ತ್ರೋಕ್ತವಾಗಿ ಕತ್ತರಿಸಿ, ಶುದ್ಧ ನೀರಲ್ಲಿ ನೆನೆಹಾಕಿದೆ. ಒಂದೇ ಒಂದು ಚುಕ್ಕೆ ಏಳಲಿಲ್ಲ. ಇನ್ನೊಮ್ಮೆ ಕಳಿಸುತ್ತೇವೆ, ಯಾವ ವಿಳಾಸಕ್ಕೆ ಎಂದು ಮುಂಬಯಿಯವರು ಕೇಳಿದರು. ವಿಜ್ಞಾನದ ವಿದ್ಯಾರ್ಥಿನಿಯಾದ ನಾನು ಸ್ವಲ್ಪ ಹೊತ್ತು ಗಂಭೀರವಾಗಿ ಯೋಚಿಸಿ, ಹೆಮ್ಮಾಡಿಯ ವಿಳಾಸ ಕೊಟ್ಟೆ. ಈ ಸಲ ತುಸು ಮೆಲ್ಲಗೆ ತಿಕ್ಕಿ ಎಂದು ಅತ್ತೆಗೆ ಹೇಳಿಟ್ಟೆ, ಅಷ್ಟೆ.